ಮೊಗ್ಗಿನ ಜಡೆ ಫೋಟೋದಲ್ಲಿ ಯಾರೂ ಯಾಕೆ ನಗಲ್ಲ?

ಭಾಗ 1

ನಿಮ್ಮ ಮನೆಯಲ್ಲೂ ಇಂಥದ್ದೊಂದು ಇರ್ಬೇಕು, ಹುಡುಕಿ ನೋಡಿ. ಅಟ್ಟದ ಟ್ರಂಕಿನಲ್ಲೋ, ಬೀರುವಿನಲ್ಲಿ ರೇಷ್ಮೆ ಸೀರೆಗಳ ಅಡಿಯಲ್ಲೋ, ದೊಡ್ಡಮ್ಮನ ಮನೆ ಹಜಾರದ ಗೋಡೆ ಮೇಲೋ. ಏಳೆಂಟು ವರ್ಷದ ಹುಡುಗಿ. ಜರಿ ಲಂಗ, ಸೊಂಟಕ್ಕೆ ಡಾಬು, ತೋಳಿಗೆ ವಂಕಿ, ನೆತ್ತಿ ಮೇಲೆ ಸೂರ್ಯ ಚಂದ್ರ. ಹಿಂದೆ ಓರೆಯಾಗಿ ನಿಲ್ಲಿಸಿದ ಕನ್ನಡಿ. ಕನ್ನಡಿಯೊಳಗೆ ಅವಳ ಬೆನ್ನು, ಬೆನ್ನು ತುಂಬ ಮಲ್ಲಿಗೆ ಮೊಗ್ಗಿನ ಜಡೆ. ಇಷ್ಟೆಲ್ಲ ಸಿಂಗಾರ ಮಾಡಿಸ್ಕೊಂಡ ಹುಡುಗಿಯ ಮುಖ ಮಾತ್ರ ಈಗಷ್ಟೇ ಯಾರೋ ಗದರಿಸಿದ ಹಾಗೆ.

ಮೊದಲನೇ ಫೋಟೋ ನೋಡಿ. ನಮ್ಮಮ್ಮ. 1964ರ ಮೇ ತಿಂಗಳು, ಅರಸೀಕೆರೆ. ಆಗ ಅವರಿಗೆ ಎಂಟು ವರ್ಷ.

ಹೋದ ವರ್ಷ ಇದನ್ನ ಸ್ಟೋರಿಗೆ ಹಾಕಿದ್ದಾಗ ನಿಮ್ಮಲ್ಲಿ ತುಂಬ ಜನ ಒಂದೇ ಪ್ರಶ್ನೆ ಕೇಳಿದ್ರಿ: ಹಳೇ ಫೋಟೋಗಳಲ್ಲಿ ಯಾರೂ ಯಾಕೆ ನಗಲ್ಲ? ಒಬ್ಬರಂತೂ “ಅಷ್ಟು ಕಷ್ಟದಲ್ಲಿದ್ರಾ ಪಾಪ” ಅಂದ್ರು. ಕಷ್ಟ ಇತ್ತು, ಇಲ್ಲ ಅನ್ನಲ್ಲ. ಆದರೆ ಬೇಸಿಗೆ ರಜೆಯಲ್ಲಿ ಮೊಗ್ಗಿನ ಜಡೆ ಹಾಕಿಸ್ಕೊಂಡು ಪೇಟೆಗೆ ಹೊರಟ ಹುಡುಗಿಗೆ ಆ ಒಂದು ದಿನ ಏನು ಕಷ್ಟ? ನಗದೇ ಇದ್ದಿದ್ದಕ್ಕೆ ಬೇರೆ ಕಾರಣಗಳಿವೆ. ಕೆಲವು ಗಾಜು, ಬೆಳಕು, ರಸಾಯನಗಳ ಕಾರಣ. ಕೆಲವು ಮನುಷ್ಯರದ್ದು. ಅದನ್ನ ಸ್ವಲ್ಪ ನಿಧಾನವಾಗಿ, ಈ ಸರಣಿಯಲ್ಲಿ ಹೇಳ್ತೀನಿ. ಹಬ್ಬದ ದಿನ ಮನೆಯವರ ಫೋಟೋ ತೆಗೆಯೋಕೆ ನಿಮಗೂ ಉಪಯೋಗ ಆಗೋ ಕೆಲವು ವಿಷಯ ದಾರಿಯಲ್ಲಿ ಸಿಗುತ್ತೆ.

ಅಂದ ಹಾಗೆ ಈ ಫೋಟೋದ ಎಡಗಡೆ ಅಂಚನ್ನ ನೆನಪಿಟ್ಕೊಂಡಿರಿ. ಆಮೇಲೆ ಅಲ್ಲಿಗೇ ವಾಪಸ್ ಬರ್ತೀವಿ.

ಭಾಗ 2

ಫೋಟೋಗ್ರಫಿ ಹುಟ್ಟಿದಾಗ ಬಹಳ ನಿಧಾನದ ವಿದ್ಯೆ. 1839ರ ಆಗಸ್ಟ್‌ನಲ್ಲಿ ಪ್ಯಾರಿಸ್‌ನಲ್ಲಿ ಲೂಯಿ ಡಾಗೆರ್ ಕಂಡುಹಿಡಿದ ವಿಧಾನವನ್ನ ಎಲ್ಲರಿಗೂ ಬಹಿರಂಗ ಮಾಡಿದ್ರು. ಬೆಳ್ಳಿ ಲೇಪಿಸಿದ ತಾಮ್ರದ ತಗಡಿನ ಮೇಲೆ ಚಿತ್ರ ಮೂಡಿಸೋದು. ಚೆನ್ನಾದ ಬಿಸಿಲಿದ್ರೂ ನಿಮಿಷಗಟ್ಟಲೆ ಕಾಯ್ಬೇಕು. ಅಷ್ಟು ಹೊತ್ತು ಯಾರು ಅಲ್ಲಾಡದೇ ಕೂರ್ತಾರೆ? ಹಾಗಾಗಿ ಮೊದಮೊದಲು ಸಿಕ್ಕಿದ್ದೆಲ್ಲ ಕಟ್ಟಡ, ಬೀದಿ, ಮೇಜಿನ ಮೇಲಿಟ್ಟ ಸಾಮಾನು.

ಮರುವರ್ಷವೇ ಕಲ್ಕತ್ತೆಯ ಅಂಗಡಿಗೆ ಕ್ಯಾಮೆರಾ ಬಂತು. 1854ರಲ್ಲಿ ಬಾಂಬೆಯಲ್ಲಿ, 1856ರಲ್ಲಿ ಕಲ್ಕತ್ತೆಯಲ್ಲೂ ಮದ್ರಾಸಿನಲ್ಲೂ ಫೋಟೋಗ್ರಾಫಿಕ್ ಸೊಸೈಟಿಗಳು ಶುರುವಾದವು.

ನಮ್ಮ ಕಡೆಗೆ ಕ್ಯಾಮೆರಾ ಬಂದಾಗಲೂ ಮೊದಲು ನೋಡಿದ್ದು ಕಲ್ಲನ್ನೇ. ಮದ್ರಾಸ್ ಸೈನ್ಯದ ಅಧಿಕಾರಿ ಲಿನೇಯಸ್ ಟ್ರೈಪ್ 1854ರ ಕೊನೆಯಲ್ಲಿ ಮೈಸೂರು ಸೀಮೆ ಸುತ್ತಿ ಬೇಲೂರು, ಹಳೇಬೀಡಿನ ದೇವಸ್ಥಾನಗಳ ಫೋಟೋ ತೆಗೆದ. ಅದೇ ದಶಕದಲ್ಲಿ ವೈದ್ಯರಾಗಿದ್ದ ವಿಲಿಯಂ ಪಿಗೌ ಧಾರವಾಡ ಮತ್ತು ಮೈಸೂರು ಕಡೆಯ ಶಿಲ್ಪಗಳನ್ನ ಚಿತ್ರಿಸಿದ್ರು. ಅವು 1866ರಲ್ಲಿ ದೊಡ್ಡ ಪುಸ್ತಕವಾಗಿ ಬಂದವು. ಯೋಚನೆ ಮಾಡಿ, ನಿಧಾನದ ಕ್ಯಾಮೆರಾಗೆ ಬೇಲೂರಿನ ಮದನಿಕೆಯರಿಗಿಂತ ಒಳ್ಳೆ ಮಾಡೆಲ್ ಯಾರು ಸಿಗ್ತಾರೆ? ಅಲ್ಲಿನ ದರ್ಪಣ ಸುಂದರಿ ಕೈಯಲ್ಲಿ ಕನ್ನಡಿ ಹಿಡಿದು ಒಂಬೈನೂರು ವರ್ಷದಿಂದ ನಿಂತಿದ್ದಾಳೆ, ಒಂದು ಸಲವೂ ಅಲ್ಲಾಡಿಲ್ಲ. ನಮ್ಮ ಮೊಗ್ಗಿನ ಜಡೆ ಹುಡುಗಿಯರಿಗೆಲ್ಲ ಅವಳೇ ಮುತ್ತಜ್ಜಿ ಅಂತ ನನಗನ್ಸುತ್ತೆ.

ಭಾಗ 3

ಮನುಷ್ಯರ ಫೋಟೋ ಸುಲಭವಾಗಿದ್ದು ಗಾಜಿನಿಂದ. 1851ರಲ್ಲಿ ಇಂಗ್ಲೆಂಡಿನ ಫ್ರೆಡರಿಕ್ ಸ್ಕಾಟ್ ಆರ್ಚರ್ ಒದ್ದೆ ಗಾಜಿನ ವಿಧಾನ ಪ್ರಕಟಿಸಿದ. ಗಾಜಿಗೆ ಅಂಟಿನಂಥ ದ್ರಾವಣ ಬಳಿದು, ಬೆಳ್ಳಿ ಉಪ್ಪಿನ ನೀರಲ್ಲಿ ಅದ್ದಿ, ಅದು ಒಣಗೋ ಮುಂಚೆ ಫೋಟೋ ತೆಗೆದು, ಒಣಗೋ ಮುಂಚೆಯೇ ತೊಳೆದು ಮುಗಿಸ್ಬೇಕು. ನಮ್ಮ ಏಪ್ರಿಲ್ ಬಿಸಿಲಲ್ಲಿ ಅದು ಎಷ್ಟು ಬೇಗ ಒಣಗ್ತಿತ್ತೋ ನೀವೇ ಊಹಿಸಿ. ಆದ್ರೂ ನಿಮಿಷಗಳ ಲೆಕ್ಕ ಸೆಕೆಂಡುಗಳಿಗೆ ಇಳೀತು. ತಲೆ ಅಲುಗದಂತೆ ಹಿಂದಿನಿಂದ ಕಬ್ಬಿಣದ ಕವೆ ಕೊಡ್ತಿದ್ರು. ಹಳೇ ಫೋಟೋಗಳಲ್ಲಿ ಗಂಡಸರ ಕಾಲುಗಳ ಹಿಂದೆ ಇನ್ನೊಂದು ಕಾಲಿನಂಥದ್ದು ಕಂಡ್ರೆ ಹೆದರ್ಬೇಡಿ, ಅದು ಆ ಕವೆಯ ಸ್ಟ್ಯಾಂಡು.

ನಗು ಯಾಕಿಲ್ಲ ಅನ್ನೋದಕ್ಕೆ ಸಾಮಾನ್ಯವಾಗಿ ಕೊಡೋ ಉತ್ತರ ಇದೇ: ಅಷ್ಟು ಹೊತ್ತು ನಗು ನಿಲ್ಲಲ್ಲ. ಕೈಗನ್ನಡಿ ಹಿಡಿದು ನೀವೇ ಹತ್ತು ಸೆಕೆಂಡು ನಕ್ಕು ನೋಡಿ. ಐದನೇ ಸೆಕೆಂಡಿಗೆ ಅದು ನಗುವಾಗಿ ಉಳಿದಿರಲ್ಲ.

ಆದರೆ ನನಗೆ ಈ ಉತ್ತರ ಪೂರ್ತಿ ಒಪ್ಪಿಗೆಯಿಲ್ಲ. 1871ರಲ್ಲಿ ರಿಚರ್ಡ್ ಮ್ಯಾಡಾಕ್ಸ್ ಒಣ ಗಾಜಿನ ವಿಧಾನ ತೋರಿಸಿದ. ಮುಂದಿನ ಹತ್ತು ವರ್ಷದಲ್ಲಿ ಕಾರ್ಖಾನೆಯಲ್ಲೇ ತಯಾರಾದ ಗಾಜಿನ ಪ್ಲೇಟುಗಳು ಸಿಗೋಕೆ ಶುರುವಾದವು. ಬಿಸಿಲಲ್ಲಿ ಸೆಕೆಂಡಿನ ಒಂದು ಚೂರು ಸಾಕಾಯ್ತು. ಆದ್ರೂ ಇನ್ನೂ ಎಪ್ಪತ್ತು ಎಂಬತ್ತು ವರ್ಷ ನಮ್ಮ ಸ್ಟುಡಿಯೋಗಳಲ್ಲಿ ಯಾರೂ ನಗಲಿಲ್ಲ!

ಕಾರಣ ನಮ್ಮ ಮಾತಲ್ಲೇ ಇದೆ. ಹಿರಿಯರ ಎದುರು ನಕ್ಕರೆ ಏನಂತಿದ್ರು? “ಏನು ಹಲ್ಲು ಕಿಸೀತೀಯ?” ಅಂತ. ಫೋಟೋ ತೆಗೆಸೋದು ಜೀವನದಲ್ಲಿ ಒಂದೋ ಎರಡೋ ಸಲ. ಅದು ನಾಳೆ ಗೋಡೆ ಏರುತ್ತೆ, ಮೊಮ್ಮಕ್ಕಳು ನೋಡ್ತಾರೆ, ಹೆಣ್ಣು ನೋಡೋಕೆ ಬಂದವರೂ ನೋಡ್ತಾರೆ. ದೇವರ ಮುಂದೆ ನಿಂತ ಹಾಗೆ, ಅಮಲ್ದಾರರ ಮುಂದೆ ನಿಂತ ಹಾಗೆ ನಿಲ್ತಿದ್ರು. ಇನ್ನೊಂದು ಗಮನಿಸಿ. ಈಗಲೂ ಫೋಟೋಗ್ರಾಫರ್ ಅಚ್ಚಗನ್ನಡದಲ್ಲಿ ಮಾತಾಡ್ತಾ ಇದ್ದವರು ಕ್ಲಿಕ್ ಮಾಡೋ ಹೊತ್ತಿಗೆ “ಸ್ಮೈಲ್ ಪ್ಲೀಸ್” ಅಂತಾರೆ. ಆ ಮಾತಿಗೆ ನಮ್ಮಲ್ಲಿ ಹಳೇ ಪದವೇ ಇಲ್ಲ. ಇದ್ದಿದ್ದು “ಅಲ್ಲಾಡ್ಬೇಡಿ”.

ಭಾಗ 4

ಸ್ಟುಡಿಯೋ ಅಂದ್ರೆ ಮೊದಲು ಬೆಳಕಿನ ಮನೆ. ಬೆಂಗಳೂರಿಗೆ ಶಿವನಸಮುದ್ರದ ವಿದ್ಯುತ್ ಬಂದಿದ್ದು 1905ರಲ್ಲಿ. ಸಣ್ಣ ಊರುಗಳಿಗೆ ಎಷ್ಟೋ ದಶಕ ಆದ್ಮೇಲೆ. ಅಲ್ಲಿವರೆಗೆ ಇದ್ದಿದ್ದು ಸೂರ್ಯನೇ. ಛಾವಣಿಯಲ್ಲಿ ಗಾಜು, ಸಾಮಾನ್ಯವಾಗಿ ಉತ್ತರದ ಕಡೆಗೆ, ನೇರ ಬಿಸಿಲು ಬೀಳದ ಹಾಗೆ. ಅದರ ಕೆಳಗೆ ಬಿಳಿ ಬಟ್ಟೆಯ ಪರದೆ, ಬೆಳಕನ್ನ ಇನ್ನಷ್ಟು ಮೆತ್ತಗೆ ಮಾಡೋಕೆ.

ಆ ಕಾಲದ ಪ್ಲೇಟುಗಳಿಗೆ ಒಂದು ಕುರುಡು ಇತ್ತು. ಕೆಂಪು ಬಣ್ಣ ಅವಕ್ಕೆ ಕಾಣ್ತಿರಲಿಲ್ಲ. ಡಾರ್ಕ್ ರೂಮಿನಲ್ಲಿ ಕೆಂಪು ದೀಪ ಹಚ್ಕೊಂಡು ಕೆಲಸ ಮಾಡಬಹುದಿತ್ತು ಅಂತ ಫೋಟೋಗ್ರಾಫರುಗಳಿಗೆ ಅದೇ ಅನುಕೂಲ. ಎದುರು ಕೂತವರಿಗೆ ಮಾತ್ರ ಎಡವಟ್ಟು. ಹಣೆಯ ಕುಂಕುಮ ಕಪ್ಪು ಚುಕ್ಕೆ. ಅರಿಶಿನ ಕುಂಕುಮ ಬಣ್ಣದ ಮದುವೆ ಸೀರೆ ಮಸಿಬಟ್ಟೆ. ನಮ್ಮ ಗೋಧಿ ಬಣ್ಣದ ಮೈಯಲ್ಲಿ ಕೆಂಪಿನ ಛಾಯೆ ಜಾಸ್ತಿ ಇರೋದ್ರಿಂದ ಮುಖ ಇದ್ದದ್ದಕ್ಕಿಂತ ಎರಡು ಪಟ್ಟು ಕಪ್ಪಾಗಿ ಬರ್ತಿತ್ತು.

ಸ್ಟುಡಿಯೋ ಬಾಗಿಲಲ್ಲಿ ಒಂದು ಸಣ್ಣ ಕನ್ನಡಿ, ಬಾಚಣಿಗೆ, ಪೌಡರ್ ಡಬ್ಬಿ ಇರ್ತಿತ್ತಲ್ಲ, ಅದಕ್ಕೆ ಇದೂ ಒಂದು ಕಾರಣ. ಬೆಳ್ಳಗೆ ಕಾಣೋ ಆಸೆ ನಮ್ಮವರಿಗೆ ಮೊದಲೇ ಇತ್ತು, ಸುಳ್ಳು ಹೇಳಲ್ಲ. ಆದರೆ ಆ ಆಸೆಗೆ ಕ್ಯಾಮೆರಾನೂ ತನ್ನ ಪಾಲು ಸೇರಿಸ್ತು. ಸಾಲದ್ದಕ್ಕೆ ನೆಗೆಟಿವ್ ಮೇಲೆ ಚೂಪಾದ ಸೀಸದ ಕಡ್ಡಿಯಿಂದ ಸಣ್ಣಸಣ್ಣ ಚುಕ್ಕೆ ಇಡ್ತಿದ್ರು. ನೆಗೆಟಿವ್‌ನಲ್ಲಿ ಇಟ್ಟ ಕಪ್ಪು ಪ್ರಿಂಟಿನಲ್ಲಿ ಬಿಳಿಯಾಗುತ್ತೆ. ಸುಕ್ಕು ಮಾಯ, ಸಿಡುಬಿನ ಕಲೆ ಮಾಯ. ಬ್ಯೂಟಿ ಫಿಲ್ಟರ್ ಈಗಿನ ಹುಡುಗರ ಹುಚ್ಚು ಅನ್ನೋ ಅಜ್ಜಂದಿರಿಗೆ ಇದನ್ನ ತೋರಿಸಿ.

ಇಂಥ ಪ್ಲೇಟಿನಲ್ಲಿ ಎಲ್ಲಕ್ಕಿಂತ ಚೆನ್ನಾಗಿ ಬರ್ತಿದ್ದಿದ್ದು ಏನು ಗೊತ್ತಾ? ಕಪ್ಪು ಕೂದಲ ಮೇಲಿನ ಬಿಳೀ ಮಲ್ಲಿಗೆ.

ಭಾಗ 5

ಮೊಗ್ಗಿನ ಜಡೆ ನೋಡದೇ ಇರೋರಿಗೆ ಹೇಳ್ತೀನಿ. ಮಲ್ಲಿಗೆಯ ಕಾಲ ಬೇಸಿಗೆ, ಸ್ಕೂಲ್ ರಜೆಯೂ ಆಗಲೇ. ಬೆಳಿಗ್ಗೆ ಎಣ್ಣೆ ನೀರು. ಕೂದಲು ಒಣಗಿದ ಮೇಲೆ ಬಿಗಿಯಾಗಿ ಜಡೆ, ಉದ್ದ ಸಾಲದಿದ್ರೆ ಚೌರಿ, ತುದಿಗೆ ಕುಚ್ಚು. ಅಷ್ಟೊತ್ತಿಗೆ ಮನೆಯ ಹೆಂಗಸರು ನೆಲದ ಮೇಲೆ ಕೂತು ಒದ್ದೆ ಬಟ್ಟೆಯಲ್ಲಿಟ್ಟ ಮೊಗ್ಗನ್ನ ಒಂದೇ ಅಳತೆಯವು ನೋಡಿ ಆರಿಸ್ತಿರ್ತಾರೆ. ಬಾಳೆಪಟ್ಟೆ ಮೇಲೋ ದಪ್ಪ ರಟ್ಟಿನ ಮೇಲೋ ಸಾಲುಸಾಲಾಗಿ ಸೂಜಿ ದಾರದಿಂದ ಹೊಲಿದು, ನಡುವೆ ಕನಕಾಂಬರವೋ ಮರುಗವೋ ಸೇರಿಸಿ, ಆ ಪಟ್ಟೆಯನ್ನ ಜಡೆಗೆ ಇಟ್ಟು ಬಿಗೀತಾರೆ. ಕೆಲವು ಮನೆಗಳಲ್ಲಿ ಜಡೆಗೇ ನೇರವಾಗಿ ಹೊಲೀತಿದ್ರು. ಮೂರು ನಾಲ್ಕು ಗಂಟೆ ಕೆಲಸ. ಕೂತ ಹುಡುಗಿಯ ಕುತ್ತಿಗೆ ಹಿಂದಕ್ಕೆ ಜಗ್ಗುತ್ತೆ, ನೆತ್ತಿ ಚುರುಗುಟ್ಟುತ್ತೆ. ಅಮ್ಮ ಈಗಲೂ ಹೇಳ್ತಾರೆ, “ಆ ಜಡೆ ಭಾರಕ್ಕೆ ನಗು ಎಲ್ಲಿಂದ ಬರ್ಬೇಕು?” ಅಂತ. ಕಾರಣಗಳ ಪಟ್ಟಿಗೆ ಇದನ್ನೂ ಸೇರಿಸ್ಕೊಳ್ಳಿ.

ಇದಕ್ಕೊಂದು ಗಡುವು ಬೇರೆ. ಮಲ್ಲಿಗೆ ಅರಳೋದು ಸಂಜೆ. ಅರಳಿದರೆ ಅದು ಮೊಗ್ಗಿನ ಜಡೆ ಅಲ್ಲ. ಹೂವಿನ ಜಡೆ ಆಗ್ಬಿಡುತ್ತೆ, ಸಾಲೆಲ್ಲ ಕಲಸಿಹೋಗುತ್ತೆ. ಹಾಗಾಗಿ ಜಡೆ ಮುಗಿದ ಕೂಡ್ಲೆ ಸ್ಟುಡಿಯೋಗೆ ಓಟ. ರಜೆ ದಿನ ಅಲ್ಲಿ ಇನ್ನೂ ನಾಲ್ಕು ಹುಡುಗಿಯರು ಇದೇ ವೇಷದಲ್ಲಿ ಸಾಲಾಗಿ ಕೂತಿರ್ತಿದ್ರು, ಬೆನ್ನು ಗೋಡೆಗೆ ತಾಗಿಸದೆ, ನೆಟ್ಟಗೆ.

ಅಷ್ಟು ಹೊತ್ತಿನ ಕೆಲಸ ಒಂದು ರಾತ್ರಿಗೆ ಬಾಡುತ್ತೆ. ಅದಕ್ಕೇ ಫೋಟೋ ಬೇಕೇಬೇಕು ಅಂತ ಆಗಿದ್ದು.

ಭಾಗ 6

ಸಮಸ್ಯೆ ಏನು ಅಂದ್ರೆ, ಸಿಂಗಾರ ಇರೋದು ಬೆನ್ನಲ್ಲಿ, ಮುಖ ಇರೋದು ಮುಂದೆ. ಹುಡುಗಿಯನ್ನ ತಿರುಗಿಸಿ ನಿಲ್ಲಿಸಿದ್ರೆ ಯಾರ ಮಗಳು ಅಂತ ಗೊತ್ತಾಗಲ್ಲ. ಕನ್ನಡಿಯ ಉಪಾಯ ಮೊದಲು ಯಾರಿಗೆ ಹೊಳೀತೋ, ಒಟ್ಟಿನಲ್ಲಿ ದಕ್ಷಿಣದ ಊರೂರಿನ ಸ್ಟುಡಿಯೋಗಳಲ್ಲಿ ಅದು ನೆಲೆಯಾಯ್ತು.

ಕೇಳೋಕೆ ಸುಲಭ. ಮಾಡಿ ನೋಡಿದೋರಿಗೇ ಗೊತ್ತು. ನೇರವಾಗಿ ಇಟ್ಟರೆ ಕನ್ನಡಿಯಲ್ಲಿ ಕ್ಯಾಮೆರಾ, ಕಪ್ಪು ಬಟ್ಟೆ, ಅದರೊಳಗೆ ತಲೆ ತೂರಿಸಿದ ಫೋಟೋಗ್ರಾಫರ್ ಎಲ್ಲ ಬರ್ತಾರೆ. ಹಾಗಾಗಿ ಓರೆ ಇಡ್ಬೇಕು. ಓರೆ ಜಾಸ್ತಿ ಆದ್ರೆ ಜಡೆ ಹೊರಗೆ ಹೋಗುತ್ತೆ. ಅದಕ್ಕಿಂತ ದೊಡ್ಡ ತಲೆನೋವು ಫೋಕಸ್. ಕನ್ನಡಿಯ ಬಿಂಬ ಗಾಜಿನ ಮೇಲೆ ಅಂಟಿರಲ್ಲ, ಗಾಜಿನ ಹಿಂದೆ ದೂರದಲ್ಲಿರುತ್ತೆ. ಕ್ಯಾಮೆರಾದಿಂದ ಹುಡುಗಿ 8 ಅಡಿ, ಅವಳಿಂದ ಕನ್ನಡಿ 3 ಅಡಿ ಅಂತಿಟ್ಕೊಳ್ಳಿ. ಕ್ಯಾಮೆರಾ ಲೆಕ್ಕದಲ್ಲಿ ಮುಖ 8 ಅಡಿಯಲ್ಲಿದೆ, ಜಡೆ ಸುಮಾರು 14 ಅಡಿಯಲ್ಲಿದೆ. ಮುಖಕ್ಕೆ ಫೋಕಸ್ ಮಾಡಿದ್ರೆ ಜಡೆ ಮಸುಕು. ಜಡೆಗೆ ಮಾಡಿದ್ರೆ ಮುಖ ಮಸುಕು.

ಎರಡೂ ಸ್ಪಷ್ಟವಾಗ್ಬೇಕಾದ್ರೆ ಲೆನ್ಸಿನ ಕಿಂಡಿಯನ್ನ ಚಿಕ್ಕದು ಮಾಡ್ಬೇಕು. ಎಫ್ 5.6ರಿಂದ ಎಫ್ 22ಕ್ಕೆ ಇಳಿಸಿದ್ರೆ ಒಳಗೆ ಬರೋ ಬೆಳಕು ಹದಿನಾರನೇ ಒಂದು ಪಾಲು. ಅಂದ್ರೆ ಸೆಕೆಂಡಿನ ಎಂಟನೇ ಒಂದು ಭಾಗ ಸಾಕಾಗ್ತಿದ್ದ ಕಡೆ ಪೂರಾ 2 ಸೆಕೆಂಡು ಬೇಕು.

ಈಗ ಅಮ್ಮನ ಮುಖ ಮತ್ತೆ ನೋಡಿ. ಅದು ಹೆದರಿಕೆಯೂ ಅಲ್ಲ, ದುಃಖವೂ ಅಲ್ಲ. ತನ್ನ ಜಡೆ ಚೆನ್ನಾಗಿ ಬರ್ಲಿ ಅಂತ ಎಂಟು ವರ್ಷದ ಹುಡುಗಿ ಎರಡು ಸೆಕೆಂಡು ಉಸಿರು ಬಿಗಿಹಿಡಿದ ಮುಖ. ಸ್ಟುಡಿಯೋದವರು “ಪುಟ್ಟೀ, ಇಲ್ಲಿ ನೋಡು, ಮಿಸುಕಬೇಡ” ಅಂತ ಹೇಳಿ ಲೆನ್ಸಿನ ಮುಚ್ಚಳ ತೆಗೆದು, ಬಾಯಲ್ಲೇ ಒಂದು ಎರಡು ಎಣಿಸಿ ಮುಚ್ಚಿದ್ರಂತೆ. ನೂರು ವರ್ಷ ಹಿಂದಿನ ಪ್ಯಾರಿಸ್‌ನವರ ಕಷ್ಟ ಕನ್ನಡಿ ದಾರಿಯಾಗಿ ಅರಸೀಕೆರೆಗೆ ಬಂದಿತ್ತು.

ಭಾಗ 7

ಇಷ್ಟು ಹೊತ್ತು ಫೋಟೋದಲ್ಲಿ ಇರೋರ ಬಗ್ಗೆ ಹೇಳಿದೆ. ಇಲ್ಲದೇ ಇರೋರು?

ಮನೆಯ ಹೆಣ್ಣುಮಕ್ಕಳು ಗಂಡಸು ಫೋಟೋಗ್ರಾಫರ್ ಎದುರು ಕೂರೋದೇ ಒಂದು ಕಾಲಕ್ಕೆ ದೊಡ್ಡ ಮಾತು. ಹೈದರಾಬಾದಿನಲ್ಲಿ ನಿಜಾಮರ ಫೋಟೋಗ್ರಾಫರ್ ಆಗಿದ್ದ ಲಾಲಾ ದೀನ್ ದಯಾಳ್ 1892ರಲ್ಲಿ ಹೆಂಗಸರಿಗೆಂದೇ ಒಂದು ಜನಾನಾ ಸ್ಟುಡಿಯೋ ತೆರೆದ್ರು. ಸುತ್ತ ಎತ್ತರದ ಗೋಡೆ, ಕ್ಯಾಮೆರಾ ಹಿಂದೆಯೂ ಹೆಂಗಸೇ, ಒಬ್ಬ ಇಂಗ್ಲಿಷ್ ಮಹಿಳೆ. ಆಗ ಕಲಬುರಗಿ, ಬೀದರ, ರಾಯಚೂರು ಎಲ್ಲ ನಿಜಾಮರ ಸೀಮೆಯಲ್ಲೇ ಇದ್ದವು. ಆದರೆ ಆ ಗೋಡೆಯೊಳಕ್ಕೆ ಹೋಗಕ್ಕಾಗಿದ್ದು ದೊಡ್ಡ ಮನೆತನದವರಿಗೆ.

ಉಳಿದವರಿಗೆ ನೂರೆಂಟು ತಡೆ. ಫೋಟೋ ತೆಗೆಸಿದ್ರೆ ಆಯಸ್ಸು ಕಮ್ಮಿ ಆಗುತ್ತೆ. ಎಳೇ ಮಗುವಿನ ಫೋಟೋ ತೆಗೀಬಾರದು, ದೃಷ್ಟಿಯಾಗುತ್ತೆ. ಮೂರು ಜನ ಒಟ್ಟಿಗೆ ನಿಲ್ಲಬಾರದು, ಒಬ್ಬರಿಗೆ ಕೇಡು. ಮೂವರೇ ಇದ್ದಾಗ ಪಕ್ಕದ ಮನೆ ಮಗುವನ್ನೋ, ಕೊನೆಗೆ ಒಂದು ಗೊಂಬೆಯನ್ನೋ ಸೇರಿಸ್ತಿದ್ದದ್ದು ಉಂಟು. ಆಮೇಲೆ ಖರ್ಚು. ಮೊಗ್ಗಿಗೆ ಕೊಟ್ಟು, ಬಸ್ಸಿಗೆ ಕೊಟ್ಟು, ಸ್ಟುಡಿಯೋಗೆ ಕೊಡೋವಾಗ ಪ್ಲೇಟ್ ಒಂದೇ. ಮಗಳು ನಿಲ್ತಾಳೆ, ಅಮ್ಮ ಪಕ್ಕಕ್ಕೆ ಸರೀತಾಳೆ.

ಅಜ್ಜಿ ಹೀಗೇ ಸರಿದವರು. 1968ರಲ್ಲಿ ಅವರು ತೀರಿಕೊಂಡಾಗ ಅಮ್ಮನಿಗೆ ಹನ್ನೆರಡು. ವೈಕುಂಠ ಸಮಾರಾಧನೆಗೆ ಹಾರ ಹಾಕೋಕೆ ಫೋಟೋ ಹುಡುಕಿದ್ರೆ ಒಂದೂ ಇಲ್ಲ. ಯಾರದೋ ಮದುವೆಯ ಗ್ರೂಪ್ ಫೋಟೋದಲ್ಲಿ, ಹಿಂದಿನ ಸಾಲಲ್ಲಿ, ಅವರೆಕಾಳಿನಷ್ಟು ಒಂದು ಮುಖ ಸಿಕ್ತು. ಪೇಟೆಯಲ್ಲೊಬ್ಬರು ಅದನ್ನ ದೊಡ್ಡದು ಮಾಡಿ, ಕಾಣದ ಕಡೆಯೆಲ್ಲ ಇಂಡಿಯನ್ ಇಂಕಿನಲ್ಲಿ ತಿದ್ದಿ, ಕಣ್ಣು ಬರೆದು, ಕತ್ತಿಗೆ ಇಲ್ಲದ ಅಡ್ಡಿಕೆ ತೊಡಿಸಿ ಕೊಟ್ರು. ಆಗಿನ ಕಾಲಕ್ಕೆ ಇದು ಎಲ್ಲ ಊರಲ್ಲೂ ನಡೀತಿದ್ದ ಕಸುಬು, ತಪ್ಪೇನಿಲ್ಲ. ಅದು ನಮ್ಮ ಮನೆ ಗೋಡೆ ಮೇಲೆ ಐವತ್ತು ವರ್ಷ ಇದೆ. ಅಮ್ಮ ದಿನಾ ಅದಕ್ಕೆ ಹೂವಿಡ್ತಾರೆ. ಆದರೆ ಒಂದು ದಿನ ಹೀಗೇ ಹೇಳಿದ್ರು: “ಅದು ನಮ್ಮಮ್ಮ ಅಲ್ಲ ಕಣೇ. ಪೇಂಟರ್ ಬರೆದ ಹೆಂಗಸು. ಅಮ್ಮನ ಮುಖ ನನಗೆ ಮರೆತೇಹೋಗಿದೆ.”

ಭಾಗ 8

ಹೋದ ವರ್ಷ ಅಮ್ಮನ ಮೊಗ್ಗಿನ ಜಡೆ ಫೋಟೋ ಸ್ಕ್ಯಾನ್ ಮಾಡೋಣ ಅಂತ ಫ್ರೇಮ್ ಬಿಚ್ಚಿದೆ. ಹಿಂದಿನ ರಟ್ಟು ತೆಗೆದೆ, ಮುಂದಿನ ಕಿಟಕಿ ರಟ್ಟು ತೆಗೆದೆ. ರಟ್ಟಿನ ಅಡಿಯಲ್ಲಿ ಎಡಗಡೆ ಅರ್ಧ ಇಂಚು ಫೋಟೋ ಇನ್ನೂ ಇತ್ತು. ಅಷ್ಟು ವರ್ಷ ಬೆಳಕು ಬೀಳದೆ ಆ ಪಟ್ಟಿ ಮಾತ್ರ ಕಪ್ಪಗೆ, ಹೊಸದರ ಹಾಗೆ.

ಎರಡನೇ ಫೋಟೋಗೆ ಸ್ವೈಪ್ ಮಾಡಿ. ಕನ್ನಡಿಯ ಅಂಚಿನಲ್ಲಿ ಒಂದು ಕೈ. ಮೊಣಕೈವರೆಗೆ. ಎರಡು ಗಾಜಿನ ಬಳೆ, ಬೆರಳುಗಳ ನಡುವೆ ಸೂಜಿ. ದಾರ ಕಾಣಲ್ಲ.

ಅಮ್ಮನಿಗೆ ತೋರಿಸಿದೆ. ಕನ್ನಡಕ ಹಾಕ್ಕೊಂಡು, ಕಿಟಕಿ ಹತ್ರ ಹೋಗಿ, ಬಹಳ ಹೊತ್ತು ನೋಡಿದ್ರು. ಆಮೇಲೆ ಅವರಿಗೇ ನೆನಪಾಗ್ತಾ ಹೋಯ್ತು. ಕೊನೇ ಗಳಿಗೆಯಲ್ಲಿ ಕುಚ್ಚಿನ ಹತ್ರ ಒಂದೆರಡು ಮೊಗ್ಗು ಉದುರಿತ್ತಂತೆ. ಅಜ್ಜಿ ಸೂಜಿ ಹಿಡ್ಕೊಂಡೇ ಬಂದಿದ್ರಂತೆ, ಅಲ್ಲೇ ಬಗ್ಗಿ ಹೊಲಿದ್ರಂತೆ. ಸ್ಟುಡಿಯೋದವರು ಪಕ್ಕಕ್ಕೆ ಬನ್ನಿ ಅಂದಾಗ ಸರಿದ್ರು, ಆದರೆ ಪೂರ್ತಿ ಸರೀಲಿಲ್ಲ. ಪ್ರಿಂಟ್ ಬಂದಾಗ “ಅಯ್ಯೋ, ನನ್ನ ಕೈ ಬಂದ್ಬಿಟ್ಟಿದೆ, ಮರೆ ಮಾಡಿಸಿ” ಅಂತ ಫ್ರೇಮ್ ಹಾಕಿಸ್ತಾ ಅಜ್ಜಿಯೇ ಹೇಳಿದ್ದಂತೆ.

ಗೋಡೆ ಮೇಲಿನ ಮುಖವನ್ನ ಗುರುತಿಸದೇ ಇದ್ದ ಅಮ್ಮ ಆ ಕೈಯನ್ನ ಗುರುತಿಸಿದ್ರು. ಹೆಬ್ಬೆರಳು ಸ್ವಲ್ಪ ಹಿಂದಕ್ಕೆ ಬಾಗಿದೆ ನೋಡಿ. ಅಮ್ಮನದ್ದೂ ಹಾಗೇ ಇದೆ.

ಒಂದು ಮಾತು. ನಿಮ್ಮ ಮನೆಯ ಹಳೇ ಫ್ರೇಮುಗಳನ್ನೂ ಒಂದ್ಸಲ ಬಿಚ್ಚಿ ನೋಡಿ. ಆದರೆ ಫೋಟೋ ಗಾಜಿಗೆ ಅಂಟ್ಕೊಂಡಿದ್ರೆ ಎಳೀಬೇಡಿ, ಮೇಲಿನ ಪದರ ಕಿತ್ತು ಬರುತ್ತೆ. ಗಾಜಿನ ಸಮೇತವೇ ಸ್ಕ್ಯಾನ್ ಮಾಡಿ. ಹಿಂದುಗಡೆ ಹೆಸರು, ಇಸವಿ ಬರೆಯೋದಾದ್ರೆ ಮೆತ್ತನೆ ಪೆನ್ಸಿಲ್ಲಿನಲ್ಲಿ, ಹಗುರವಾಗಿ. ಬಾಲ್ ಪೆನ್ನು ಬೇಡ, ಒತ್ತಿದ ಗುರುತು ಮುಂದಕ್ಕೆ ಮೂಡುತ್ತೆ.

ಭಾಗ 9

ಅರವತ್ತರ ದಶಕದ ಹೊತ್ತಿಗೆ ಹಬ್ಬದ ಫೋಟೋ ಸ್ಟುಡಿಯೋದಿಂದ ಮನೆ ಅಂಗಳಕ್ಕೆ ಬರೋಕೆ ಶುರುವಾಗಿತ್ತು. ಅಗ್ಫಾ ಕ್ಲಿಕ್ 3 ನೆನಪಿದೆಯಾ? ಕಪ್ಪು ಡಬ್ಬಿ, ಒಂದು ರೋಲಿಗೆ ಹನ್ನೆರಡು ಫೋಟೋ. 1967ರಿಂದ ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆಯ ‘ಇಂದು’ ಫಿಲ್ಮೂ ಬಂತು. ಯುಗಾದಿಗೆ ಎರಡು, ಗೌರಿ ಹಬ್ಬಕ್ಕೆ ಎರಡು, ನಾಮಕರಣಕ್ಕೆ ನಾಲ್ಕು, ಹೀಗೆ ಒಂದು ರೋಲ್ ವರ್ಷಪೂರ್ತಿ ಬಂದದ್ದೂ ಇದೆ. ಸೂರ್ಯ ತೆಗೆಯೋರ ಬೆನ್ನಿಗಿರ್ಬೇಕು ಅನ್ನೋದೊಂದೇ ಪಾಠ. ಹಾಗಾಗಿ ಆ ಕಾಲದ ಹಬ್ಬದ ಫೋಟೋಗಳಲ್ಲಿ ಎಲ್ಲರೂ ಕಣ್ಣು ಕಿರಿದು ಮಾಡ್ಕೊಂಡು ನಿಂತಿರ್ತಾರೆ, ಬಿಸಿಲಿಗೆ.

ಕ್ಯಾಮೆರಾ ಸಾಮಾನ್ಯವಾಗಿ ಅಪ್ಪನ ಕೈಯಲ್ಲಿ. ಅಮ್ಮ ಒಬ್ಬಟ್ಟು ಬೇಯಿಸ್ತಾ ಒಳಗೆ. ಎಲ್ಲ ಆಲ್ಬಮ್ಮುಗಳಲ್ಲೂ ಇದೇ ಕಥೆ. ಬೇಕಾದ್ರೆ ನಿಮ್ಮ ಮನೇದು ತೆಗೆದು ಎಣಿಸಿ. 1993ರಲ್ಲಿ ಮತದಾರರ ಗುರುತಿನ ಚೀಟಿ ಬಂದಾಗ ಹಳ್ಳಿಗಳಲ್ಲಿ ಎಷ್ಟೋ ಅಜ್ಜಿಯರು ಮೊದಲ ಸಲ ಕ್ಯಾಮೆರಾ ಮುಂದೆ ಕೂತರು. ಈಗ ಹಾರ ಹಾಕಿಸ್ಕೊಂಡು ಗೋಡೆ ಮೇಲಿರೋ ಕೆಲವು ಮುಖಗಳು ಆ ಚೀಟಿಯಿಂದಲೇ ಬಂದವು.

ಬೇರೆ ಥರ ನೋಡಿದವರೂ ಇದ್ರು. ಮೈಸೂರಿನ ಟಿ.ಎಸ್. ಸತ್ಯನ್ (1923–2009) ದೊಡ್ಡ ಪತ್ರಿಕೆಗಳಿಗೆ ಕೆಲಸ ಮಾಡಿದವರು, 1977ರಲ್ಲಿ ಪದ್ಮಶ್ರೀ ಬಂತು. ಅವರ ಕ್ಯಾಮೆರಾ ಮಾತ್ರ ಸಾಮಾನ್ಯ ಜನ ತಮ್ಮ ಪಾಡಿಗೆ ಏನೋ ಮಾಡ್ತಿರೋ ಗಳಿಗೆ ಹುಡುಕ್ತಿತ್ತು. ಸಾಲಾಗಿ ನಿಲ್ಲಿಸಿ ತೆಗೆದ ಫೋಟೋ ಬೇಡ ಅಂತ ನಾನು ಹೇಳಲ್ಲ. ಅದಕ್ಕೂ ಒಂದು ಗೌರವ ಇದೆ. ಅದೊಂದೇ ತೆಗೆದು ಕ್ಯಾಮೆರಾ ಒಳಗಿಡಬೇಡಿ ಅಷ್ಟೆ.

ಭಾಗ 10

ಈಗ ನಿಮ್ಮ ಫೋನಿಗೆ ಬರೋಣ. ಸೇವ್ ಮಾಡ್ಕೊಳ್ಳಿ, ಹಬ್ಬದ ದಿನ ಹುಡುಕೋಕೆ ಸುಲಭ.

ಮೊದಲು ಲೆನ್ಸ್ ಒರೆಸಿ. ಹಬ್ಬದ ದಿನ ಎಲ್ಲರ ಕೈಯಲ್ಲೂ ಎಣ್ಣೆ ತುಪ್ಪ, ಫೋನೂ ಅದೇ ಕೈಯಲ್ಲಿ.

ಹಳೇ ಸ್ಟುಡಿಯೋದ ಗಾಜಿನ ಛಾವಣಿ ನಿಮ್ಮ ಮನೆಯಲ್ಲೂ ಇದೆ, ಕಿಟಕಿ ರೂಪದಲ್ಲಿ. ನೇರ ಬಿಸಿಲು ಬೀಳದ ಕಿಟಕಿ ನೋಡಿ, ಇಲ್ಲಾಂದ್ರೆ ಬಿಳಿ ಪಂಚೆ ಅಡ್ಡ ಕಟ್ಟಿ. ಕೂರಿಸೋದು ಕಿಟಕಿಗೆ ಬೆನ್ನು ಮಾಡಿ ಅಲ್ಲ, ಪಕ್ಕಕ್ಕೆ. ಟ್ಯೂಬ್‌ಲೈಟ್ ಆರಿಸಿ. ಎರಡು ಬಣ್ಣದ ಬೆಳಕು ಸೇರಿದ್ರೆ ಮುಖದ ಒಂದು ಕಡೆ ಹಸಿರು, ಒಂದು ಕಡೆ ನೀಲಿ. ಮುಖಕ್ಕೆ ತೀರ ಹತ್ತಿರ ಹೋದ್ರೆ ಮೂಗು ದಪ್ಪ ಬರುತ್ತೆ. ಆರೇಳು ಅಡಿ ಹಿಂದೆ ನಿಂತು 2ಎಕ್ಸ್ ಬಳಸಿ.

ಮೊಗ್ಗಿನ ಜಡೆ ತೆಗೆಯೋದಾದ್ರೆ ಪೋರ್ಟ್ರೇಟ್ ಮೋಡ್ ಆಫ್ ಮಾಡಿ. ಇದು ಮುಖ್ಯ. ಸ್ಟುಡಿಯೋದವರು ಎರಡು ಸೆಕೆಂಡು ಕಾಯಿಸಿ ಗಳಿಸಿದ್ದನ್ನ ಫೋನಿನ ಸಣ್ಣ ಲೆನ್ಸ್ ಪುಕ್ಕಟೆ ಕೊಡುತ್ತೆ, ಮುಖವೂ ಕನ್ನಡಿಯೂ ಹೆಚ್ಚುಕಮ್ಮಿ ಒಟ್ಟಿಗೆ ಸ್ಪಷ್ಟ. ಪೋರ್ಟ್ರೇಟ್ ಮೋಡ್ ಹಾಕಿದ್ರೆ ಕನ್ನಡಿಯನ್ನ ಹಿನ್ನೆಲೆ ಅಂದ್ಕೊಂಡು ಜಡೆಯನ್ನೇ ಮಸುಕು ಮಾಡ್ಬಿಡುತ್ತೆ. ಬಿಳಿ ಮೊಗ್ಗು ಸುಣ್ಣದ ಹಾಗೆ ಆಗದಿರ್ಲಿ ಅಂದ್ರೆ ಸ್ಕ್ರೀನ್ ಮೇಲೆ ಮೊಗ್ಗನ್ನ ಒತ್ತಿ, ಬೆರಳು ಕೆಳಕ್ಕೆ ಎಳೆದು ಸ್ವಲ್ಪ ಕತ್ತಲು ಮಾಡಿ.

ದೀಪಾವಳಿಗೆ ಫ್ಲ್ಯಾಶ್ ಬೇಡವೇ ಬೇಡ, ಹಣತೆ ಸತ್ತ ಹಾಗಾಗುತ್ತೆ. ಸೂರ್ಯ ಮುಳುಗಿ ಹದಿನೈದು ಇಪ್ಪತ್ತು ನಿಮಿಷಕ್ಕೆ, ಆಕಾಶ ಇನ್ನೂ ನೀಲಿ ಇರೋವಾಗ ತೆಗೀರಿ. ಫೋನನ್ನ ಕಂಬಕ್ಕೋ ಜಗಲಿ ಕಟ್ಟೆಗೋ ಒರಗಿಸಿ. ದೀಪ ಹಚ್ಚೋರಿಗೆ ಆ ಒಂದು ಕ್ಷಣ ಅಲ್ಲಾಡ್ಬೇಡಿ ಅನ್ನಿ. ಹಳೇ ಮಾತು ಇಲ್ಲಿ ಇನ್ನೂ ಕೆಲಸ ಮಾಡುತ್ತೆ.

ಮತ್ತೆ, ಅಡುಗೆಮನೆಗೆ ಹೋಗಿ. ಒಬ್ಬಟ್ಟು ತಟ್ಟೋ ಕೈ, ತೋರಣ ಕಟ್ಟೋ ಕೈ, ಕಜ್ಜಾಯ ತಿರುವೋ ಕೈ. “ನನ್ನದೇನು ತೆಗೀತೀಯ, ಸೀರೆ ಹಳೇದು, ಬೆವೆತಿದೀನಿ” ಅಂತಾರೆ. ಅನ್ನಲಿ. ಕೈ ತೆಗೆದಾದ ಮೇಲೆ ಮುಖ.

ಭಾಗ 11

ಹೋದ ಮೇನಲ್ಲಿ ನನ್ನ ಮಗಳಿಗೆ ಅಮ್ಮ ಮೊಗ್ಗಿನ ಜಡೆ ಹಾಕಿದ್ರು. ಮಂಡಿ ನೋವು, ನೆಲದ ಮೇಲೆ ಕೂರಕ್ಕಾಗಲ್ಲ, ಕುರ್ಚಿ ಮೇಲೆ ಕೂತೇ ನಾಲ್ಕು ಗಂಟೆ. ಬೀರುವಿನ ಬಾಗಿಲಿನ ಕನ್ನಡಿಯೇ ಸ್ಟುಡಿಯೋ. ಮಗಳನ್ನ ನಿಲ್ಲಿಸಿ, ಬಾಗಿಲು ಓರೆ ಮಾಡಿ, ಜಡೆ ಬರೋ ಹಾಗೆ ನೋಡ್ಕೊಂಡೆ. ಅಮ್ಮ ಅಭ್ಯಾಸದಂತೆ ಪಕ್ಕಕ್ಕೆ ಸರಿದ್ರು. ನಾನು ಬಾಗಿಲನ್ನ ಇನ್ನೂ ಮೂರು ಇಂಚು ಎಳೆದೆ.

“ಈಗ ನಾನೂ ಬರ್ತೀನೇನೇ ಅದ್ರಲ್ಲಿ?” ಅಂದ್ರು.

“ಬರ್ತೀಯಮ್ಮ. ಅಲ್ಲೇ ಇರು.”

ಸೆರಗು ಸರಿ ಮಾಡ್ಕೊಂಡ್ರು. ಸೂಜಿಯನ್ನ ಸೆರಗಿಗೆ ಚುಚ್ಚಿಟ್ಕೊಂಡ್ರು. ಮಗಳು ಹಲ್ಲೆಲ್ಲ ಕಾಣೋ ಹಾಗೆ ನಗ್ತಾ ಇದ್ದಾಳೆ, ಮುಂದಿನ ಎರಡು ಹಲ್ಲು ಬಿದ್ದಿವೆ. ಕನ್ನಡಿಯೊಳಗೆ ಅಮ್ಮ ಮಾತ್ರ ನೆಟ್ಟಗೆ ನಿಂತು, ಉಸಿರು ಬಿಗಿಹಿಡಿದು, 1964ರ ಮುಖ ಮಾಡ್ಕೊಂಡಿದ್ದಾರೆ.

ಕೊನೇ ಫೋಟೋ ಅದೇ.

#ಮೊಗ್ಗಿನಜಡೆ #ಹಳೇಫೋಟೋ #ಹಬ್ಬದಫೋಟೋ